ಗುಂಯ್

ಮೊದಲು ಕೇಳುವ ಪ್ರಶ್ನೆಗೇ ಜನರಿಗೆ ಸಿಟ್ಟು:
ಪ್ಲಗ್ ಹಾಕಿದ್ದೀರಾ?
ರೂವಿಯ ನಮ್ಮ ಅಂಗಡಿಗೆ ಬರುವ ಫೋನುಗಳಲ್ಲಿ
ಹತ್ತಕ್ಕೆ ಮೂರು ಅಲ್ಲೇ ಮುಗಿಯುತ್ತವೆ,
ಆ ಕಡೆ ಸಣ್ಣದೊಂದು ಕೆಮ್ಮು, ಆಮೇಲೆ ಶುಕ್ರಾನ್.
ಉಳಿದವು ಹೀಗೆ: ಯಾರೋ ಕೂತುಬಿಟ್ಟ ಮ್ಯೂಟ್ ಗುಂಡಿ,
ಮೊಮ್ಮಗ ತಿರುಗಿಸಿಟ್ಟ ಬ್ಯಾಲೆನ್ಸ್,
ರಿಮೋಟಿನೊಳಗೆ ಹಸಿರು ಕಕ್ಕಿದ ಸೆಲ್ಲು.
ಕೆಂಪಿಗೆ ಕೆಂಪು, ಕರಿಗೆ ಕರಿ. ಇಷ್ಟು ತಪ್ಪಿದರೆ ಸಾಕು,
ಒಂದು ಸ್ಪೀಕರ್ ನೂಕುವಾಗ ಇನ್ನೊಂದು ಎಳೆಯುತ್ತದೆ,
ಎರಡೂ ಬೆವರು ಸುರಿಸಿ ದುಡಿಯುತ್ತವೆ,
ತಬಲದ ಡಗ್ಗಾ ಮಾತ್ರ ಮಾಯ.
ಇವಕ್ಕೆಲ್ಲ ಉತ್ತರ ಹೇಳಬಲ್ಲೆ
ಬಾಯಲ್ಲಿ ತುತ್ತು ಇದ್ದರೂ.

ಸೂರ್‌ನಿಂದ ಬಂದ ಫೋನು ಹಾಗಿರಲಿಲ್ಲ.
"ಗುಂಯ್ ಅನ್ನುತ್ತದೆ. ಹಾಡು ನಿಲ್ಲಿಸಿದರೂ ಅನ್ನುತ್ತದೆ.
ಮಕ್ಕಳಿಗೆ ಕೇಳಿಸುವುದಿಲ್ಲವಂತೆ."

ಸೂರು ಎಂದರೆ ನಮ್ಮಲ್ಲಿ ಮಾಡಿನ ಅಂಚು,
ಹಲ್ಲಿಗೂ ಕರೆಂಟು ಬಿಲ್ಲಿಗೂ ಜಾಗ.
ಇಲ್ಲಿ ಅದು ಒಂದು ಊರು.
ಕುರಿಯಾತ್ ದಾಟಿ, ಎಡಕ್ಕೆ ಸಮುದ್ರ, ಬಲಕ್ಕೆ ಬೋಳುಗುಡ್ಡ,
ದಡದಲ್ಲಿ ಅರ್ಧ ಕಟ್ಟಿದ ಹಡಗೊಂದು
ಪಕ್ಕೆಲುಬು ತೋರಿಸಿಕೊಂಡು ನಿಂತಿತ್ತು.

ಖಮೀಸ್ ಬಿನ್ ಸುವೈಲಿಂ, ಎಂಬತ್ತು ದಾಟಿದವರು.
ನಾನು ಲೋಟ ಅಲ್ಲಾಡಿಸುವವರೆಗೂ
ಕಾಫಿ ಬಗ್ಗಿಸುತ್ತಲೇ ಇದ್ದರು.
ಯಾವೂರು ಎಂದರು. ಮಂಗಳೂರು ಎಂದೆ.
"ಹಂಚು!" ಎಂದರು, ನಮ್ಮ ಮಾತಿನಲ್ಲೇ.
"ಬೇಗ ಬೇಗ!"
ಹದಿನಾರರಲ್ಲಿ ಲಾಂಚಿನ ಇಂಜಿನ್ನಿಗೆ ಎಣ್ಣೆ ಹಾಕುತ್ತ
ಬಂದರಿನಲ್ಲಿ ಕಲಿತದ್ದು ಅಷ್ಟೇ ಅಂತೆ.
ಸೂರಿನವರಿಗೆ ಹಂಚು ಗೊತ್ತಿರುವುದು ನ್ಯಾಯವೇ.

ಕೆಲಸಕ್ಕೆ ಕೂತೆ.
ಡಿವಿಡಿಯ ತಂತಿ ಕಿತ್ತೆ. ಗುಂಯ್.
ಟೇಪ್ ಡೆಕ್ ಕಿತ್ತೆ. ಗುಂಯ್.
ಫ್ರಿಜ್ ಆರಿಸಿದೆ, ಅಡುಗೆಮನೆಯಿಂದ ಯಾರೋ ಬೈದರು,
ಬೈಗುಳದ ಹಿಂದೆಯೂ ಗುಂಯ್.
ಮಗ ಹಮದ್ ಬಾಗಿಲಿಗೆ ಒರಗಿ
"ನನಗಂತೂ ಏನೂ ಕೇಳಿಸುತ್ತಿಲ್ಲ" ಎಂದ.
ನನಗೆ ಕೇಳಿಸುತ್ತಿತ್ತು.
ಊರಿನ ಟ್ರಾನ್ಸ್‌ಫಾರ್ಮರ್ ಕೆಳಗೂ ಇದೇ ಶ್ರುತಿ,
ಸೆಕೆಂಡಿಗೆ ಐವತ್ತು, ಅಲ್ಲಿಗೂ ಇಲ್ಲಿಗೂ ಒಂದೇ.
ಕೊನೆಗೆ ತಾರಸಿಯ ಆಂಟೆನಾದಿಂದ ಇಳಿದ ಕೇಬಲ್
ತಿರುವಿ ತೆಗೆದೆ.

ಹಮದ್ ಕೂಡ ತಲೆ ಎತ್ತಿದ.

"ಅರ್ತ್ ಇರಲಿಲ್ಲವೇ?" ಎಂದರು ಮುದುಕರು.
ಹಂಪನಕಟ್ಟೆಯ ಮಹಡಿಯಲ್ಲಿ ನನಗೆ ಬೆಸುಗೆ ಕಲಿಸಿದ ಲಿಗೋರಿ ಮಾಸ್ಟರು
"ಅರ್ತ್ ಇಲ್ಲದ ಮೇಲೆ ಅರ್ಥ ಇಲ್ಲ, ಮಗಾ" ಎನ್ನುತ್ತಿದ್ದರು.
ಇಲ್ಲಿ ಉಲ್ಟಾ.
ಇತ್ತು ಎಂದೆ, ಎರಡಿತ್ತು.
ಗೋಡೆಯ ಪ್ಲಗ್ಗಿನಲ್ಲಿ ಒಂದು ನೆಲ,
ತಾರಸಿಯ ಕಂಬದಲ್ಲಿ ಇನ್ನೊಂದು.
ಎರಡರ ನಡುವೆ ಕೂದಲಷ್ಟು ವ್ಯತ್ಯಾಸ,
ಆ ಕೂದಲಿನಗುಂಟ ಹರಿದಾಡುವುದೇ ಗುಂಯ್.
ಇಷ್ಟನ್ನು ನನ್ನ ಹರುಕು ಅರಬಿಯಲ್ಲಿ ದಾಟಿಸುವಷ್ಟರಲ್ಲಿ
ಹಮದ್‌ಗೆ ಆಕಳಿಕೆ.
ಖಮೀಸ್ ಮಾತ್ರ ಕೇಳಿದರು:
"ನೀನು ಬಂದು ಎಷ್ಟು ವರ್ಷ?"
ಇಪ್ಪತ್ತೆರಡು ಎಂದೆ, ಸ್ಕ್ರೂಡ್ರೈವರ್ ಹುಡುಕುತ್ತ.

ಬೆರಳುದ್ದದ ಐಸೊಲೇಟರ್, ಮೂರೂವರೆ ರಿಯಾಲ್.
ಎರಡು ನೆಲವೂ ಇರಲಿ, ಒಂದನ್ನೊಂದು ಮುಟ್ಟದಿರಲಿ,
ಅದರ ಕೆಲಸ ಅಷ್ಟೇ.
ಊದ್ ವಾದ್ಯದ ಒಂದು ತಂತಿ ಮೀಟಿದ್ದೂ
ಬೆರಳು ಜಾರಿದ್ದೂ ಬೇರೆಬೇರೆ ಕೇಳಿಸಿತು.
ಮುದುಕರು ಕಣ್ಣು ಮುಚ್ಚಿದರು. ನಾನು ರಸೀದಿ ಬರೆದೆ.

ಎರಡು ವಾರದ ಮೇಲೆ, ರಾತ್ರಿ ಹನ್ನೊಂದಕ್ಕೆ, ಮತ್ತೆ ಸೂರ್.
ಪ್ಲಗ್ ಹಾಕಿದ್ದೀರಾ ಎಂದೆ, ಅಭ್ಯಾಸಬಲ.
"ಎಲ್ಲ ಸರಿಯಿದೆ. ನಿದ್ದೆ ಬರುತ್ತಿಲ್ಲ.
ಇಂಜಿನ್ ನಿಂತ ಲಾಂಚಿನಲ್ಲಿ ಯಾರಾದರೂ ಮಲಗುತ್ತಾರೆಯೇ?"

ಪೆಟ್ಟಿಗೆಯ ಬೆನ್ನಿಗೆ ಕೈ ಹಾಕಿ ಎಂದೆ.
ಎಡಕ್ಕೆ ತಿರುಗಿಸಿ. ಇನ್ನೂ ಎಡಕ್ಕೆ.
ಈಗ ಆ ಸಣ್ಣ ಡಬ್ಬಿ ತೆಗೆದು ಕೇಬಲ್ ನೇರ ಸಿಕ್ಕಿಸಿ.
ಟಾರ್ಚು ಬಿತ್ತು, ಉಸಿರು ಬಿಗಿಯಿತು,
ಬೇಗ ಬೇಗ ಎಂದು ತಮಗೆ ತಾವೇ ಹೇಳಿಕೊಂಡರು.
ಫೋನು ಕಿವಿಗೊತ್ತಿ ಕಾದೆ.

ಸಣ್ಣಗೆ ಬಂತು.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಮೂರೂವರೆ ರಿಯಾಲ್ ಅವರು ವಾಪಸು ಕೇಳಲಿಲ್ಲ,
ನಾನೂ ನೆನಪಿಸಲಿಲ್ಲ.