ಟಿಕೆಟ್ ಇಲ್ಲದವರು

ಬೆಂಗ್ರೆಯ ದೂಮಣ್ಣನ ಬಲೆಯಲ್ಲಿ ಮೀನಿನ ಜೊತೆ ಬಂದ ಕಲ್ಲು.
ಹಸಿ ಗೋಣಿಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟು
ಸ್ಟೇಟ್‌ಬ್ಯಾಂಕಿನಿಂದ ಕಾಟಿಪಳ್ಳಕ್ಕೆ ತಂದೆ.
ಕಂಡಕ್ಟರ್ ಹುಡುಗ ಒಂದೇ ಟಿಕೆಟ್ ಹರಿದ;
ಹಳಬರೆಂದು ಅದೂ ಬೇಡವೆಂದಿದ್ದ, ನಾನೇ ಬಿಡಲಿಲ್ಲ.
ಇಪ್ಪತ್ತೊಂಬತ್ತು ವರ್ಷ ಇದೇ ರೂಟಿನಲ್ಲಿ ಸೀಟಿ ಊದಿದವನು,
ಯಾರ ಮುಷ್ಟಿಯಲ್ಲಿ ಚಿಲ್ಲರೆಯಿಲ್ಲವೆಂದು
ಮುಖ ನೋಡಿಯೇ ಹೇಳುತ್ತಿದ್ದೆ.
ಆ ಕಲ್ಲಿಗೆ ಮುಖವಿರಲಿಲ್ಲ.

ತೊಟ್ಟಿ, ಬೆಂದೂರಿನ ಹಲ್ಲಿನ ಡಾಕ್ಟರು ಕ್ಲಿನಿಕ್ ಮುಚ್ಚುವಾಗ
ಮೂರು ಸಾವಿರಕ್ಕೆ ಕೊಟ್ಟದ್ದು.
ನೀರು ಆರು ಕ್ಯಾನು, ಹಸನಬ್ಬನ ರಿಕ್ಷಾದಲ್ಲಿ.
ತಣ್ಣೀರುಬಾವಿಯ ಉಪ್ಪುನೀರು ಅಂದರೆ ಅವನಿಗೆ ಈಗಲೂ ನಗು.
"ಕಲ್ಲನ್ನು ಯಾರಾದ್ರೂ ಸಾಕ್ತಾರಾ ಮಾರಾಯ್ರೆ?" ವಾರಿಜ ಕೇಳಿದಳು.

ಮೂರನೇ ರಾತ್ರಿ ಕಲ್ಲು ಚಿಟಿಕೆ ಹೊಡೆಯಿತು.
ಟಕ್.
ಗಾಜು ಬಿರಿಯಿತೆಂದು ಇಬ್ಬರೂ ಎದ್ದು ಕೂತೆವು.
ಬಕೆಟ್ಟು, ಒರೆಸುವ ಬಟ್ಟೆ, ಎಲ್ಲ ಬಂತು.
ನೆಲ ಒಣಗಿಯೇ ಇತ್ತು. ಮತ್ತೆ, ಟಕ್:
ಬಸ್ಸಿನ ತಗಡಿಗೆ ನಾಣ್ಯದಿಂದ ಬಡಿದ ಹಾಗೆ,
ಯಾರಿಗೋ ಇಳಿಯಲಿಕ್ಕಿದೆ.

ಟಾರ್ಚಿಗೆ ಕೆಂಪು ಕಾಗದ ಕಟ್ಟಿ ಅಂದವಳು ಮೆಲಿಟಾ,
ಮೀನುಗಾರಿಕೆ ಕಾಲೇಜಿನವಳು, ಒಂದು ಕಾಲದ ನನ್ನ ಪಾಸಿನ ಪ್ಯಾಸೆಂಜರು.
ಕೆಂಪು ಅವಕ್ಕೆ ಕಾಣುವುದಿಲ್ಲವಂತೆ.
ಹಾಗೆ ರಾತ್ರಿ ಒಂದಕ್ಕೆ, ಲುಂಗಿ ಬಿಗಿದು, ಸ್ಟೂಲಿನ ಮೇಲೆ
ಚೆಕಿಂಗ್ ಶುರು.

ಹಳೆಯ ಟ್ರಿಪ್‌ಶೀಟಿನ ಹಿಂಬದಿಯಲ್ಲಿ ಬರೆದುಕೊಂಡೆ.
ಬಿಲದಿಂದ ಹೊರಗೆ ಒಂದು ತೋಳು ಮಾತ್ರ, ಪಟ್ಟೆಪಟ್ಟೆ, ನೀರು ತಡವುತ್ತ:
ಫುಟ್‌ಬೋರ್ಡಿನವನು. ಒಳಗೆ ಬಾ ಅಂದರೆ ಬರುವವನಲ್ಲ.
ಗುಲಾಬಿ ಹುಳ, ಮೈತುಂಬ ಬಿಳಿ ರೋಮ. ಮುಟ್ಟಿದೆ.
ಬೆರಳಿಡೀ ಗಾಜಿನ ಹುಡಿ ಹೊಕ್ಕ ಉರಿ;
ವಾರಿಜ ಪ್ಲಾಸ್ಟರು ಒತ್ತಿ ಒತ್ತಿ ಕಿತ್ತಳು, ಬೈಯುತ್ತ.
"ಅದು ಪಾಪದ್ದು ಅಂಕಲ್, ಉಳಿದದ್ದು ತಿಂದು ಗುಡಿಸುತ್ತದೆ."
ಕಂದು ಬಣ್ಣದ ಒಂದು ಹೂವು, ಒಳಗಿನದು ಹೊರಗೆ ಕಾಣುವಂಥ ದಳ.
ನಾನು ಮೆಚ್ಚಿದ್ದು ಅದನ್ನೇ. ಅದೇ ಕಳ್ಳ.
ಬ್ಲೇಡಿನಲ್ಲಿ ಕೆರೆದೆ; ವಾರ ಕಳೆಯುವಾಗ ಏಳು.

ಆಮೇಲೆ ಏಡಿ.
ಕಾಲಿಗೆಲ್ಲ ಕೂದಲು, ಕೊಂಬಿನ ತುದಿ ಕಪ್ಪು.
ಇದನ್ನು ಇಳಿಸಲೇಬೇಕು ಅಂದಳು ಮೆಲಿಟಾ,
ನಾಳೆ ಮೀನು ಬಿಟ್ಟರೆ ನಿದ್ದೆಯಲ್ಲೇ ಹಿಡಿಯುತ್ತದೆ.
ಗ್ಲಾಸು ಓರೆಯಿಟ್ಟು, ಸಿಗಡಿಯ ತುಂಡು ಹಾಕಿ, ನಾಲ್ಕು ರಾತ್ರಿ ಕಾದೆ.
ಐದನೆಯದಕ್ಕೆ ಜಾರಿ ಬಿತ್ತು.
ಕೆಂಪು ಕಾಗದ ತೆಗೆದು ಬೆಳಕು ಬಿಟ್ಟೆ.
ಓಡಲಿಲ್ಲ. ಕೈಯೆರಡೂ ಮೇಲೆ,
ಸರಳು ಹಿಡಿದು ನಿಂತವರ ಹಾಗೆ ನಿಂತು
ನನ್ನನ್ನೇ ನೋಡಿತು.

ಕೂಳೂರು ಸೇತುವೆಯ ಮೇಲೆ ಒಬ್ಬನನ್ನು ಇಳಿಸಿದ್ದೆ,
ತೊಂಬತ್ತೆಂಟೋ ತೊಂಬತ್ತೊಂಬತ್ತೋ,
ಎರಡು ರೂಪಾಯಿಗೆ. ಹೆಸರು ಕೇಳಿರಲಿಲ್ಲ.
ಕೈಯಲ್ಲಿ ಆಸ್ಪತ್ರೆಗೆ ಒಯ್ಯುವ ಊಟದ ಕ್ಯಾರಿಯರ್;
ಅದು ಕಂಡದ್ದು ಸೀಟಿ ಊದಿದ ಮೇಲೆ.

ಬೆಳಿಗ್ಗೆ ಮೊದಲ ಬಸ್ಸು. ಮಡಿಲಲ್ಲಿ ಸ್ಟೀಲಿನ ತೂಕುಪಾತ್ರೆ.
ಪಣಂಬೂರಿಗೆ ಎರಡು, ಅಂದೆ.
ಹುಡುಗ ಹಿಂದೆ ಮುಂದೆ ನೋಡಿದ.
"ಇನ್ನೊಬ್ಬರು?"
ಸಣ್ಣದು, ಅರ್ಧ ಟಿಕೆಟ್ ಸಾಕೇನೋ, ಅಂದೆ.
ಅವನು ನಕ್ಕು ಮುಂದಿನ ಸೀಟಿಗೆ ಹೋದ.
ಕಲ್ಲುಗಳ ಸಂದಿಯಲ್ಲಿ ಪಾತ್ರೆ ಬಾಗಿಸಿದೆ.
ಹಿಂದಿರುಗಿ ನೋಡದೆ ಹೋಯಿತು, ಅಡ್ಡಡ್ಡ.

ಟಕ್ ಅನ್ನುವವನು ಇನ್ನೂ ಕಣ್ಣಿಗೆ ಬಿದ್ದಿಲ್ಲ.
ಮೆಲಿಟಾ ಎರಡು ಹೆಸರು ಹೇಳಿದ್ದಾಳೆ, ಒಂದು ಇರಬಹುದು.
ಶೀಟಿನಲ್ಲಿ ಆ ಸಾಲು ಖಾಲಿ.
ನಿನ್ನೆ ಎರಡೂವರೆಗೆ ವಾರಿಜ ನನ್ನ ತೋಳು ಅಲುಗಿಸಿದಳು:
"ಇವತ್ತು ಹೊಡೀಲಿಲ್ಲ ಅಲ್ವಾ?
ಸ್ವಲ್ಪ ಎದ್ದು ನೋಡಿ."