ಆರು ಮೂಲೆ

ಸ್ವಾನ್ಸೀ ಮಾರುಕಟ್ಟೆಯಲ್ಲಿ
ಕಪ್ಪೆಚಿಪ್ಪು ಮಾರುವವಳ ಎದುರಿಗೆ
ಆರಡಿ ಅಗಲದ ಗೂಡು ನನ್ನದು.
ಬೀಗದ ಕೈ ಕೊರೆದು ಕೊಡುತ್ತೇನೆ,
ಸವೆದ ಬೂಟಿಗೆ ಹೊಸ ಅಟ್ಟೆ ಹೊಡೆಯುತ್ತೇನೆ,
ಮಿಕ್ಕಂತೆ ಜನ ಏನು ತಂದರೂ
ಆಗೋಲ್ಲ ಎನ್ನಲು ನಾಲಿಗೆ ಏಳುವುದಿಲ್ಲ.

ಗೆಥಿನ್ ಪ್ಯೂ ತಂದದ್ದು ಒಂದು ರಟ್ಟಿನ ಪೆಟ್ಟಿಗೆ.
ಮುಚ್ಚಳದ ಮೇಲೆ ಮರಳು ಚಿಮ್ಮಿಸುತ್ತ ಜಿಗಿದ ಕೆಂಪು ಕಾರು,
ಒಳಗೆ ಅದೇ ಕಾರು,
ಜಿಗಿತ ಮರೆತದ್ದು.
ಎಂಬತ್ತಾರರದು, ಅಂದ. ಮನೆಮನೆಗೆ ಪೇಪರ್ ಹಾಕಿ
ಕೂಡಿಸಿದ ದುಡ್ಡು.
ಈಗ ಬಸ್ಸು ಓಡಿಸುತ್ತಾನೆ.
ದಿನಕ್ಕೆ ಇನ್ನೂರು ಮಂದಿಯನ್ನು ಗುಡ್ಡ ಹತ್ತಿಸುವ ಕೈ
ಈ ಒಂದೂವರೆ ಕಿಲೋ ಪ್ಲಾಸ್ಟಿಕ್ಕನ್ನು
ಬಿಸಿ ಪಾತ್ರೆಯಂತೆ ಹಿಡಿದಿತ್ತು.

ಟೈರು ಮುಟ್ಟಿದೆ. ಹಳೆ ಬೆಲ್ಲದ ಹಾಗೆ ಬೆರಳಿಗೆ ಅಂಟಿತು,
ಒತ್ತಿದೆ. ಬಿರಿಯಿತು.
ಆ ಅಳತೆಯ ಗಾಲಿ ಈಗ ಯಾರೂ ಎರಕ ಹೊಯ್ಯುವುದಿಲ್ಲ.
ಇವತ್ತಿನ ಗಾಲಿಗಳು ಕೇಳುವುದು ಒಂದೇ ಮಾತು:
ಹನ್ನೆರಡು ಮಿಲಿಮೀಟರು, ಆರು ಮೂಲೆ.
ಈ ಮುದುಕನ ಅಚ್ಚಿನಲ್ಲೋ
ಅಡ್ಡಕ್ಕೆ ತೂರಿಸಿದ ಒಂದು ಉಕ್ಕಿನ ಕಡ್ಡಿ.
ಎತ್ತು ಏರಿಗೆ, ಕೋಣ ನೀರಿಗೆ.
ಮುಂದಿನೆರಡರಲ್ಲಿ ಕಡ್ಡಿಯೂ ಇಲ್ಲ,
ಗಾಲಿಯ ಹೊಟ್ಟೆಯೊಳಗೇ ಬೇರಿಂಗು ಕೂತು
ತನ್ನ ಪಾಡಿಗೆ ತಾನು ತಿರುಗಬೇಕು.

ಜೊತೆಗೆ ಬಂದಿದ್ದ ಹೆವಿನ್ ಮೂಗು ಮುರಿದ.
"ಮೂಲದ್ದು ಅಂದರೆ ಮೂಲದ್ದು. ಹುಡುಕು, ಸಿಕ್ಕೀತು.
ಇಲ್ಲವೋ, ಗಾಜಿನ ಕಪಾಟಿನಲ್ಲಿಡು."
ಅವನ ಬೂಟಿಗೆ ಮೂರು ಸಲ ಅಟ್ಟೆ ಹಾಕಿದವಳು ನಾನು.
ತುಟಿ ಪಿಟಕ್ಕೆನ್ನಲಿಲ್ಲ.

ರಾತ್ರಿ ಅಲ್ಯುಮಿನಿಯಂ ಸರಳು ತುಂಡರಿಸಿ
ಅರಕ್ಕೆ ಕೊಟ್ಟೆ.
ಮೊದಲ ಮೂರು ಮುಖ ಸಲೀಸು.
ನಾಲ್ಕನೆಯದು ಮೊದಲನೆಯದಕ್ಕೆ ಉತ್ತರ ಹೇಳಬೇಕು,
ಐದನೆಯದು ಎರಡನೆಯದಕ್ಕೆ.
ಆರನೆಯದನ್ನು ಉಸಿರು ಬಿಗಿಹಿಡಿದು ಉಜ್ಜಿದೆ.
ಎರಡು ಕೆಟ್ಟವು. ಜೇನುಹುಳ ಇದನ್ನು
ಮೇಣದಲ್ಲಿ, ಕತ್ತಲಲ್ಲಿ, ಅಳತೆಪಟ್ಟಿಯಿಲ್ಲದೆ ಮಾಡುತ್ತದಲ್ಲ
ಎಂದು ಹೊಟ್ಟೆಕಿಚ್ಚು ಪಟ್ಟು
ಚಹಾ ಕಾಸಿಕೊಂಡೆ.

ಬೆನ್ನಿಗೆ ಕಡ್ಡಿ ಮಲಗುವಷ್ಟು ಕಚ್ಚು,
ಬೀಗದ ಕೈಗೆ ಹಲ್ಲು ಮೂಡಿಸುವ ಅದೇ ಅರದಿಂದ.
ಮುಖ ಹೊಸ ಗಾಲಿಗೆ, ಬೆನ್ನು ಹಳೆ ಅಚ್ಚಿಗೆ.
ಮುಂದಿನವಕ್ಕೆ ಹೊಟ್ಟೆ ಕೊರೆದು ಬೇರಿಂಗು ಕೂರಿಸಿದೆ.
ಆಮೇಲೆ ನೋಡಿದರೆ ನಟ್ಟಿಗೆ ಎರಡು ಸುತ್ತು ಎಳೆ ಸಾಲದು,
ಅಚ್ಚು ಗಿಡ್ಡ.
ಹೊಸ ಗಾಲಿಯ ಹೊಕ್ಕುಳನ್ನೇ ಒಂದಿಷ್ಟು ಕೆತ್ತಿದೆ.
ಬಗ್ಗುವುದೆಲ್ಲ ಹಳಬರೇ ಯಾಕೆ,
ಹೊಸಬರೂ ಎಳ್ಳಷ್ಟು ಬಿಟ್ಟುಕೊಡಲಿ.

ಭಾನುವಾರ ಈಜುಕೊಳದ ಹಿಂದಿನ ಕಾರ್ ಪಾರ್ಕು.
ಸಮುದ್ರದ ಗಾಳಿ, ಸೀಮೆಸುಣ್ಣದ ಗೆರೆ, ಆರು ಕಾರು.
ಗೆಥಿನ್‌ನದು ಐದನೆಯದಾಗಿ ಬಂತು.
ಆರನೆಯದರ ಬ್ಯಾಟರಿ ಸತ್ತಿತ್ತು, ಅದು ಬೇರೆ ಮಾತು.
ತಿರುವಿನಲ್ಲಿ ಒಮ್ಮೆ ಹಿಂಭಾಗ ಜಾರಿ
ಮತ್ತೆ ನೆಲ ಕಚ್ಚಿದಾಗ
ಐವತ್ತು ದಾಟಿದ ಗಂಡಸು ಕೂಗಿದ ಕೂಗಿಗೆ
ಕಡಲಹಕ್ಕಿಗಳು ಸೂರು ಬಿಟ್ಟೆದ್ದವು.

ಎಲ್ಲ ಮುಗಿದು ಪೆಟ್ಟಿಗೆಗಿಡಲು ಹೋದರೆ
ಕಾರು ಹಿಡಿಸಲಿಲ್ಲ.
ಆಚೆ ಮೂರು ಮಿಲಿಮೀಟರು, ಈಚೆ ಮೂರು,
ಗಾಲಿಗಳು ಮೈಯಿಂದ ಹೊರಚಾಚಿದ್ದವು.
ಓರೆ ಮಾಡಿದ, ತಲೆಕೆಳಗು ಮಾಡಿದ.
ಹೆವಿನ್ ದೂರ ನಿಂತು ನೋಡಿದ. ಈ ಸಲ
"ನಾನು ಹೇಳಲಿಲ್ಲವಾ" ಎನ್ನಲಿಲ್ಲ, ಯಾಕೋ.

ಪೆಟ್ಟಿಗೆ ಈಗ ನನ್ನ ಗೂಡಿನಲ್ಲಿದೆ.
ಕೊರೆಯದ ಬೀಗದ ಕೈಗಳನ್ನು ಅದರಲ್ಲಿ ಹಾಕಿಡುತ್ತೇನೆ.
ಮುಚ್ಚಳದ ಮೇಲೆ ಆ ಕೆಂಪು ಕಾರು ಇನ್ನೂ
ನೆಲಕ್ಕೆ ಇಳಿದಿಲ್ಲ.
ಎಲ್ಲಿ ನೆರಿಸ್, ಇದರೊಳಗಿನದು? ಎಂದು ಗಿರಾಕಿಗಳು ಕೇಳಿದರೆ
ಗೆಥಿನ್‌ನ ಬಸ್ಸಿನಲ್ಲಿ ನೋಡಿ, ಎನ್ನುತ್ತೇನೆ,
ಸ್ಟೇರಿಂಗಿನ ಪಕ್ಕ,
ಊಟದ ಡಬ್ಬಿಯ ಮೇಲೆ.