ಬಿಟ್ಟ ಎರಡು ಗಿಡ

ಮಳವಳ್ಳಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ
ಇನ್ನೂರೈವತ್ತು ಹುಳದ ಒಂದು ಡಬ್ಬಿ.
ಪಕ್ಕದ ಸೀಟಿನಾಕೆ ಬಗ್ಗಿ, ಏನವ್ವಾ, ಮೈಸೂರ್ ಪಾಕಾ? ಅಂದಳು.
ಹುಳ ಅಂದೆ.
ಕಿರುಗಾವಲಿನವರೆಗೂ ನಿಂತೇ ಬಂದಳು.

ಔಷಧಿ ಹೊಡೆಯುವ ಹಾಗಿಲ್ಲ ನಾವು.
ಹಿಪ್ಪುನೇರಳೆಗೆ ಬಿದ್ದ ವಿಷ
ತುಕ್ರವನ್ನು ಬಿಟ್ಟು ಮನೆಯೊಳಗಿನ ತಟ್ಟೆಗೆ ಬರುತ್ತದೆ.
ಹೋದ ಬೆಳೆಯಲ್ಲಿ, ಆಚೆ ಹೊಲದ ಟೊಮೆಟೊಗೆ ಹೊಡೆದದ್ದು
ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತು,
ಮೂರನೇ ಜ್ವರ ಎದ್ದ ಹುಳಗಳು
ತಲೆ ಎತ್ತಿ, ಹಸಿರು ಕಾರಿ, ಸೆಟೆದವು.
ಗುಂಡಿ ತೋಡಿದ್ದು ನಾನೇ.

ಬಿಸಿಲಿಳಿದ ಮೇಲೆ ಡಬ್ಬಿ ತೆರೆದೆ.
ಕಿತ್ತಳೆ ತಲೆ, ಕರಿ ಬೆನ್ನು, ಎಳ್ಳಿಗಿಂತ ತುಸು ದಪ್ಪ.
ಮುಷ್ಟಿ ಬಿಗಿದಂತೆ ಮುದುಡಿದ ಸುಳಿಯೊಳಗೆ
ಒಂದೊಂದೇ ಇಳಿದವು,
ತವರಿನ ಅಡುಗೆಮನೆಗೆ ಹೋಗುವ ಹಾಗೆ, ಯಾರನ್ನೂ ಕೇಳದೆ.

ಇಪ್ಪತ್ತು ದಿನ ಬಿಟ್ಟು ಸುಳಿ ಬಿಡಿಸಿದರೆ
ಬಿಳಿ ಹಿಟ್ಟು, ಬಿಳಿ ನಾರು,
ಮೊದಲಿಗಿಂತ ದಪ್ಪ ಬಿಳಿ ಹುಳ.
ಹೊಟ್ಟೆ ಉರಿಯಿತು. ಹೆಬ್ಬೆರಳಲ್ಲಿ ಹೊಸಕುತ್ತ ಹೋದೆ
ಸಾಲಿಗೆ ಸಾಲು. ಉಗುರೆಲ್ಲ ಅಂಟು.

ಇಲಾಖೆಯ ತಬಸ್ಸುಮ್ ಮೇಡಂ ಬದುವಿನಲ್ಲೇ ಸ್ಕೂಟರ್ ಬಿಟ್ಟು ಓಡಿ ಬಂದರು:
ಅಯ್ಯೋ ಜವರಮ್ಮ, ಅವು ನಮ್ಮ ಮರಿಗಳು!

ಕಾವಲಿನವರ ಮಕ್ಕಳು
ಕಳ್ಳರ ಅಂಗಿ ತೊಟ್ಟಿದ್ದರು.

ಎಲೆ ಅಲ್ಲಾಡಿಸಿ ನೋಡಿ, ಅಂದರು ಮೇಡಂ.
ಓಡಿದ್ದು ನಮ್ಮದು. ಕೂತೇ ಇರೋದು ತುಕ್ರ.

ಐವತ್ತು ವರ್ಷ
ಓಡುವವನೇ ಕಳ್ಳ ಅಂದುಕೊಂಡು ಬದುಕಿದವಳು ನಾನು.
ಇದ್ದಲ್ಲೇ ಕೂತು ಹೀರುವವನ ಮೇಲೆ
ಒಂದು ಸಲವೂ ಅನುಮಾನ ಬಂದಿರಲಿಲ್ಲ.

ಈಗ ಸುಳಿ ಬಿಚ್ಚಿವೆ. ರಾತ್ರಿ ಸೊಪ್ಪು ಹಾಕಿದರೆ
ಮೇಯುವ ಸದ್ದು, ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ.
ಇನ್ನು ಐದು ದಿನಕ್ಕೆ ಹಣ್ಣಾಗುತ್ತವೆ, ಚಂದ್ರಿಕೆ ಏರುತ್ತವೆ,
ಗೂಡು ಮಾರುಕಟ್ಟೆಗೆ, ಅಲ್ಲಿಂದ ಕುದಿನೀರಿಗೆ.
ಯಾವ ಹುಳಕ್ಕೆ ಯಾರು ಶತ್ರು ಎಂದು
ಮೇಡಂ ಪಟ್ಟಿ ಬರೆದುಕೊಟ್ಟಿದ್ದಾರೆ.
ಅದರಲ್ಲಿ ನನ್ನ ಹೆಸರಿಲ್ಲ. ನಾನೂ ಕೇಳಲಿಲ್ಲ.

ಬೇಲಿ ಮೂಲೆಯ ಎರಡು ಗಿಡ ಮಾತ್ರ ಮುಟ್ಟಿಲ್ಲ.
ಬಿಳಿ ಹಿಡಿದಿದೆ, ಕಿತ್ತು ಸುಡು, ಅನ್ನುತ್ತಾನೆ ಗಂಡ.
ಬೇಡ. ತುಕ್ರ ಪೂರ್ತಿ ಮುಗಿದರೆ
ಕಿತ್ತಳೆ ತಲೆಯವರು ಗಂಟುಮೂಟೆ ಕಟ್ಟುತ್ತಾರೆ,
ಮತ್ತೆ ಬಸ್ಸು, ಮತ್ತೆ ಡಬ್ಬಿ.
ಅವನು ಎರಡು ಗಿಡದ ಸೊಪ್ಪಿನ ಲೆಕ್ಕ ಹಾಕುತ್ತಾನೆ,
ಬಾಯಲ್ಲೇ, ಕೆ.ಜಿ.ಗೆ ಇಷ್ಟು ಅಂತ.

ಹಾಕಿಕೊಳ್ಳಲಿ.
ತುಕ್ರದ ಸಿಹಿಗೆ ಇರುವೆ ಆಗಲೇ ಬುಡ ಹತ್ತುತ್ತಿದೆ,
ನಮ್ಮ ಮರಿಗಳನ್ನು ಕಚ್ಚಿ ಓಡಿಸುವ ಜಾತಿ ಅದು.
ಒಲೆಯ ಬೂದಿ ತರಲು
ಒಳಗೆ ಹೋದೆ.